ವಾರ್ಡ್ ಸಭೆ ನಡೆಸಲು ಪಂಚಾಯಿತಿ ಸಿಬ್ಬಂದಿಯನ್ನು ಪಳಗಿಸುವ ಬಗೆ

ಗ್ರಾಮ ಸಭೆ, ವಾರ್ಡ್ ಸಭೆಗಳ ಕಾನೂನನ್ನು ಒಬ್ಬ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಒಂದು ಗಂಟೆಯಲ್ಲಿ ಹೇಳಿಕೊಡಬಹುದು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಎರಡೂ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ವಾರ್ಡ್ ಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಗ್ರಾಮ ಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಹಾಜರಾತಿ. ಅದರಲ್ಲಿ ಶೇ 30ರಷ್ಟು ಹೆಣ್ಣುಮಕ್ಕಳಿರಬೇಕು. ಇದು ಬಹುತೇಕ ಸಿಬ್ಬಂದಿಗೆ ಬಾಯಿಪಾಠ. ಗೊತ್ತಿಲ್ಲದ್ದು, ನಲವತ್ತು ಜನ ಒಟ್ಟಿಗೆ ಕೂಗುವಾಗ ಪೆನ್ನು ಹಿಡಿದವನು ಏನು ಬರೆದುಕೊಳ್ಳಬೇಕು ಎಂಬುದು. ತಾಲ್ಲೂಕು ಮಟ್ಟದಲ್ಲಿ ತರಬೇತಿ ಕೊಡುವ ನಾವು ಈಗ ಬರವಣಿಗೆಯಿಂದಲೇ ಶುರು ಮಾಡುತ್ತೇವೆ.

ಮೊದಲು, ಯಾರನ್ನು ಕರೆಯಬೇಕು? ಪಿಡಿಒ ಒಬ್ಬರನ್ನೇ ಕರೆದರೆ ಅವರ ವರ್ಗಾವಣೆಯ ಜೊತೆಗೆ ಕಲಿಕೆಯೂ ಊರು ಬಿಡುತ್ತದೆ. ಊರಲ್ಲೇ ಉಳಿಯುವವರು ಬಿಲ್ ಕಲೆಕ್ಟರ್, ನೀರಗಂಟಿ, ಡಾಟಾ ಎಂಟ್ರಿ ಆಪರೇಟರ್. ಆದ್ದರಿಂದ ಪ್ರತಿ ಪಂಚಾಯಿತಿಯಿಂದ ನಾಲ್ವರು: ಪಿಡಿಒ ಅಥವಾ ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ಜೊತೆಗೆ ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಒಬ್ಬ ಮಹಿಳೆ. ಒಂದು ತಂಡಕ್ಕೆ ಆರು ಪಂಚಾಯಿತಿ, ಅಂದರೆ 24 ಜನ. ಮೂವತ್ತು ದಾಟಿತೆಂದರೆ ತರಬೇತಿ ಭಾಷಣವಾಗುತ್ತದೆ. ನೀರಗಂಟಿಯನ್ನು ಬಿಟ್ಟಿರುವುದು ಮರೆತು ಅಲ್ಲ. ಎರಡು ದಿನ ಅವನು ವಾಲ್ವ್ ಬಿಟ್ಟು ಬಂದರೆ ಊರವರು ತರಬೇತಿ ಕೊಟ್ಟವರನ್ನೇ ಹುಡುಕಿಕೊಂಡು ಬರುತ್ತಾರೆ. ಅವನಿಗೆ ಪಾಠ ಊರಲ್ಲೇ.

ಮೊದಲ ದಿನದ ಮೊದಲ ಪಾಠ ಕಿವಿ ಮತ್ತು ಪೆನ್ನಿನದು. ಸಭೆಯೊಂದರಲ್ಲಿ ಯಾರಾದರೂ ಹೇಳುವಂಥ ಮೂರು ನಿಮಿಷದ ದೂರನ್ನು ಒಬ್ಬರು ಊರ ಮಾತಿನಲ್ಲೇ ಹೇಳುತ್ತಾರೆ, ಎಲ್ಲರೂ ಬರೆದುಕೊಳ್ಳಬೇಕು. ಹೇಳಿದ್ದರ ತಿರುಳು ಇದು: ‘ಮೇಲಿನ ಓಣಿಯ ಎಂಟು ಮನೆಗೆ ಬೆಳಗಿನ ನಾಲ್ಕಕ್ಕೆ ನೀರು ಬಿಡ್ತಾರೆ, ಹದಿನೈದು ನಿಮಿಷಕ್ಕೆ ನಿಲ್ಲುತ್ತೆ, ಕೆಳಗಿನವರು ಮೋಟರ್ ಹಾಕ್ತಾರೆ, ಕೇಳಿದ್ರೆ ಜಗಳ.’ ಹಾಳೆಗಳನ್ನು ಒಟ್ಟುಮಾಡಿ ನೋಡಿದರೆ ಹೆಚ್ಚಿನವುಗಳಲ್ಲಿ ಇರುವುದು ‘ಕುಡಿಯುವ ನೀರಿನ ಸಮಸ್ಯೆ ಬಗ್ಗೆ ಪ್ರಸ್ತಾಪಿಸಿದರು’ ಎಂಬ ಒಂದೇ ಸಾಲು. ಆ ಸಾಲು ಕ್ರಿಯಾ ಯೋಜನೆಗೆ ಹೋದಾಗ ಹೊಸ ಕೊಳವೆಬಾವಿಯಾಗುತ್ತದೆ. ಹೇಳಿದವರಿಗೆ ಬೇಕಿದ್ದದ್ದು ವಾಲ್ವ್ ಸಮಯದ ಬದಲಾವಣೆ ಮತ್ತು ನಲ್ಲಿಗೆ ಮೋಟರ್ ಹಾಕುವವರಿಗೆ ಒಂದು ನೋಟಿಸು. ಎರಡಕ್ಕೂ ಹಣ ಬೇಡ. ಈ ಒಂದು ಅಭ್ಯಾಸವನ್ನು ಮೂರು ಬಾರಿ ಮಾಡಿಸಿದರೆ ಯಾರು, ಎಲ್ಲಿ, ಎಷ್ಟು, ಯಾವಾಗ ಎಂಬ ನಾಲ್ಕೂ ಬರೆಯುವುದು ಕೈಗೆ ಹತ್ತುತ್ತದೆ.

ಎರಡನೆಯದು ಹಣದ ಲೆಕ್ಕ. ಜನರನ್ನು ಕೇಳುವ ಮೊದಲು ಅವರು ನಿರ್ಧರಿಸಬಹುದಾದದ್ದು ಎಷ್ಟು ಎಂದು ಹೇಳದಿದ್ದರೆ ಸಭೆ ಬೇಡಿಕೆಗಳ ಸಂತೆಯಾಗುತ್ತದೆ. 15ನೇ ಹಣಕಾಸು ಆಯೋಗದ 2021–26ರ ಅನುದಾನವನ್ನು ಉದಾಹರಣೆಗೆ ಕೊಡುತ್ತೇವೆ: ಶೇ 60 ನಿರ್ಬಂಧಿತ, ಅರ್ಧ ನೀರಿಗೆ, ಅರ್ಧ ನೈರ್ಮಲ್ಯಕ್ಕೆ, ಉಳಿದ ಶೇ 40 ಅನಿರ್ಬಂಧಿತ, ಆದರೆ ಸಂಬಳಕ್ಕೆ ಬಳಸುವಂತಿಲ್ಲ. 10 ಲಕ್ಷ ಬಂದರೆ ಊರವರು ಮನಸ್ಸಿಗೆ ಬಂದ ಕೆಲಸಕ್ಕೆ ಇಡಬಹುದಾದದ್ದು 4 ಲಕ್ಷ. ಹದಿನೈದು ಸದಸ್ಯರು ಸಮನಾಗಿ ಹಂಚಿಕೊಂಡರೆ ತಲೆಗೆ 26 ಸಾವಿರ ಚಿಲ್ಲರೆ, ಒಂದು ಚರಂಡಿಯೂ ನೆಟ್ಟಗೆ ಮುಗಿಯದು. ಸದಸ್ಯರ ಸಮಪಾಲಿನ ಹಟ ಸಭೆಯ ತೀರ್ಮಾನವನ್ನು ನುಂಗುವುದು ಇಲ್ಲೇ. ಈ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದು ಸಭೆಯಲ್ಲಿ ತೂಗುಹಾಕುವುದನ್ನು ಕಡ್ಡಾಯ ಮಾಡಿದ್ದೇವೆ. ಮೇಲಿನಿಂದ ಈಗಾಗಲೇ ತೀರ್ಮಾನವಾಗಿ ಬಂದ ಕೆಲಸವಿದ್ದರೆ ‘ಇದು ಮಾಹಿತಿಗೆ ಮಾತ್ರ’ ಎಂದು ಬಾಯಿಬಿಟ್ಟು ಹೇಳಬೇಕು. ತೀರ್ಮಾನವಾದದ್ದನ್ನು ಮತ್ತೆ ಅಭಿಪ್ರಾಯ ಕೇಳುವ ನಾಟಕ ಒಮ್ಮೆ ಸಿಕ್ಕಿಬಿದ್ದರೆ ಮುಂದಿನ ಎರಡು ಸಭೆಗೆ ಜನ ಬರುವುದಿಲ್ಲ.

ಎರಡನೇ ದಿನ ಅಣಕು ಸಭೆ. ಹನ್ನೆರಡು ನಿಮಿಷ, ಪಾತ್ರಗಳು ಚೀಟಿಯಲ್ಲಿ: ಗುತ್ತಿಗೆದಾರನೂ ಆಗಿರುವ ಮುಖಂಡ, ಕುಡಿದು ಬಂದವನು, ಮೊಬೈಲಿನಲ್ಲಿ ಚಿತ್ರೀಕರಿಸುತ್ತ ಸಾಹೇಬರನ್ನು ಕೆಣಕುವ ಹುಡುಗ, ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಹಿಡಿದು ಮೆಲ್ಲಗೆ ಮಾತಾಡುವ ಅಜ್ಜಿ. ಕೂಗುವವನನ್ನು ತಡೆಯಲು ಹೋಗಬೇಡಿ, ಅವನು ಹೇಳಿದ್ದನ್ನು ಬರೆದು ಅವನೆದುರೇ ಓದಿ ‘ಇಷ್ಟೇ ತಾನೇ ಅಣ್ಣಾ, ಇನ್ನೇನಾದ್ರೂ ಸೇರಿಸಬೇಕಾ?’ ಎಂದು ಕೇಳಿ ಎನ್ನುತ್ತೇವೆ. ತನ್ನ ಮಾತು ಕಾಗದಕ್ಕೆ ಬಂತೆಂದು ಕಂಡ ಮೇಲೆ ಅದನ್ನೇ ಮತ್ತೆ ಕೂಗುವವರು ಕಡಿಮೆ. ಕುಡಿದವನಿಗೆ ಈ ಉಪಾಯ ನಾಟುವುದಿಲ್ಲ. ಅವನನ್ನು ಅವನ ಓಣಿಯವರೇ ಕರೆದೊಯ್ಯಬೇಕು, ಸಿಬ್ಬಂದಿ ಕೈ ಹಾಕಬಾರದು.

ಪ್ರಶ್ನೆ ಕೇಳುವುದೂ ಇಲ್ಲೇ ಅಭ್ಯಾಸ. ‘ಏನಾದ್ರೂ ಸಮಸ್ಯೆ ಇದೆಯಾ?’ ಎಂದರೆ ಉತ್ತರ ‘ಎಲ್ಲಾ ಸಮಸ್ಯೆನೇ’. ‘ಹೋದ ಬೇಸಿಗೆಯಲ್ಲಿ ನಿಮ್ಮ ಬೀದಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಂತು?’ ಎಂದರೆ ಉತ್ತರದಲ್ಲಿ ಅಂಕಿ ಬರುತ್ತದೆ, ಪಕ್ಕದವರು ತಿದ್ದುತ್ತಾರೆ, ಅಲ್ಲಿಗೆ ಚರ್ಚೆ ಶುರು.

ತರಬೇತಿ ಮುಗಿದ ಹದಿನೈದು ದಿನದೊಳಗೆ ನಿಜವಾದ ಸಭೆ ಆಗಲೇಬೇಕು. ತಿಂಗಳು ಕಳೆದರೆ ಕಲಿತದ್ದು ತುಕ್ಕು ಹಿಡಿಯುತ್ತದೆ. ಶುರು ಅತಿ ಚಿಕ್ಕ ವಾರ್ಡಿನಿಂದ, ಸಾಧ್ಯವಾದರೆ ಒಂದೇ ಜನವಸತಿಯವರು ಸೇರುವ ಜನವಸತಿ ಸಭೆಯಿಂದ. ಗ್ರಾಮ ಸಭೆಯಲ್ಲಿ ಕಲಿಯಲು ಹೋಗಬಾರದು. ಅಲ್ಲಿ ಮನೆ ಹಂಚಿಕೆಯ ಫಲಾನುಭವಿ ಪಟ್ಟಿ ಓದುವವರೆಗೆ ಜನ, ಓದಿದ ಮೇಲೆ ಗಲಾಟೆ, ಆಮೇಲೆ ಖಾಲಿ ಕುರ್ಚಿ. ಪಟ್ಟಿ ಓದುವುದಿದ್ದರೆ ಕೊನೆಯಲ್ಲಿಡಿ ಎಂಬ ಸಲಹೆಯನ್ನು ಅನೇಕರು ಕೊಡುತ್ತಾರೆ. ನಮ್ಮ ಮಟ್ಟಿಗೆ ಅದೂ ಅರೆಬರೆ ಪರಿಹಾರ. ಫಲಾನುಭವಿ ಆಯ್ಕೆಗೂ ಯೋಜನೆಯ ಚರ್ಚೆಗೂ ಬೇರೆ ಬೇರೆ ದಿನ ಇಡುವುದೇ ಸರಿ.

ಜಾಗ, ಹೊತ್ತು ಎರಡೂ ಮುಖ್ಯ. ದೇವಸ್ಥಾನದ ಜಗಲಿಯಲ್ಲಿ ಸಭೆ ಇಟ್ಟರೆ ಕೇರಿಯವರು ರಸ್ತೆಯಾಚೆ ನಿಲ್ಲುತ್ತಾರೆ. ಹಾಜರಾತಿಯಲ್ಲಿ ಹೆಸರು ಇರುತ್ತದೆ, ಮಾತು ಇರುವುದಿಲ್ಲ. ಅಂಗನವಾಡಿ ಅಥವಾ ಶಾಲೆಯ ಅಂಗಳ ವಾಸಿ. ಬೆಳಿಗ್ಗೆ 11 ಕಚೇರಿಗೆ ಅನುಕೂಲ, ಕೂಲಿಗೆ ಹೋಗುವವರಿಗಲ್ಲ. ಡೇರಿಗೆ ಹಾಲು ಹಾಕಿದ ಮೇಲೆ, ಅಡುಗೆಗೆ ಮುಂಚೆ ಸಿಗುವ ಒಂದೂವರೆ ಗಂಟೆಯನ್ನು ಹಿಡಿಯಬೇಕು. ಬಿತ್ತನೆ, ಕೊಯ್ಲಿನ ವಾರ ಬೇಡ. ಡಂಗುರ ಮೂರು ಸಲ: ಎಂಟು ದಿನ ಮೊದಲು, ಹಿಂದಿನ ಸಂಜೆ, ಅದೇ ದಿನ. ವಾಟ್ಸ್ಆ್ಯಪ್ ಗುಂಪಿನ ಸಂದೇಶವನ್ನು ಡಂಗುರಕ್ಕೆ ಬದಲಿ ಎಂದು ಎಣಿಸಬೇಡಿ, ಅದು ಫೋನ್ ಇದ್ದವರಿಗೆ.

ಸಭೆಯೊಳಗೆ ಮೊದಲ ಇಪ್ಪತ್ತೈದು ನಿಮಿಷ ನಕ್ಷೆ. ನಾಲ್ಕು ಕೆ.ಜಿ. ರಂಗೋಲಿ ಪುಡಿ, ಮೂರು ಬಣ್ಣ, ನೆಲ. ಮೊದಲು ಬೀದಿ, ಆಮೇಲೆ ಟ್ಯಾಂಕು, ವಾಲ್ವ್, ಚರಂಡಿ, ಕತ್ತಲೆಯ ಕಂಬ. ಪುಡಿ ಹೆಣ್ಣುಮಕ್ಕಳ ಕೈಯಲ್ಲಿರಲಿ. ರಂಗೋಲಿ ಹಾಕುವ ಕೈಗೆ ಹಿಂಜರಿಕೆ ಇಲ್ಲ, ಚಾಕ್‌ಪೀಸ್ ಕೊಟ್ಟರೆ ಅದೇ ಕೈ ಹಿಂದೆ ಸರಿಯುತ್ತದೆ. ನಕ್ಷೆ ಮುಗಿದ ಕೂಡಲೇ ಕಾಗದಕ್ಕೆ ಇಳಿಸಿ, ಫೋಟೊ ತೆಗೆದುಕೊಳ್ಳಿ. ಗಾಳಿ ಬೀಸಿದರೆ ಹೋಯಿತು.

ನಂತರ ಹತ್ತು ಹತ್ತು ಜನರ ಗುಂಪುಗಳಾಗಿ ಚರ್ಚೆ, ಹೆಂಗಸರದ್ದು ಬೇರೆ. 1996ರಲ್ಲಿ ಶುರುವಾದ ಕೇರಳದ ಜನಯೋಜನೆಯಲ್ಲಿ ಗ್ರಾಮ ಸಭೆಯನ್ನು ವಿಷಯವಾರು ಸಣ್ಣ ಗುಂಪುಗಳಾಗಿ ಒಡೆದದ್ದು ಇದೇ ಕಾರಣಕ್ಕೆ: ಮೈಕಿನ ಮುಂದೆ ಮಾತಾಡದವರು ಸುತ್ತ ಕೂತಾಗ ಮಾತಾಡುತ್ತಾರೆ. ಪ್ರತಿ ಗುಂಪು ಎರಡೇ ಕೆಲಸ ತರಬೇಕು.

ಆದ್ಯತೆಗೆ ಕೈ ಎತ್ತಿಸಬೇಡಿ. ಪಕ್ಕದವರ ಕೈ ನೋಡಿ ಕೈ ಏಳುತ್ತದೆ. ಪ್ರತಿ ಕೆಲಸಕ್ಕೆ ಚಿತ್ರ ಅಂಟಿಸಿದ ಒಂದು ಡಬ್ಬಿ, ಅಡ್ಡ ಒಂದು ಪರದೆ, ತಲೆಗೆ ಮೂರು ಕಾಳು. ಹೆಂಗಸರಿಗೆ ಹುಣಸೆ ಬೀಜ, ಗಂಡಸರಿಗೆ ಅವರೆ ಕಾಳು ಕೊಟ್ಟರೆ ಎಣಿಸುವಾಗ ಇಬ್ಬರ ಆಯ್ಕೆ ಎಲ್ಲಿ ಬೇರೆಯಾಯಿತೆಂದು ಎಲ್ಲರಿಗೂ ಕಾಣುತ್ತದೆ. ಇದರಲ್ಲೊಂದು ಅಪಾಯವಿದೆ. ಹದಿನೆಂಟು ಮನೆಯ ಕೇರಿ ಎಂಬತ್ತು ಮನೆಯ ಊರಿನ ಎದುರು ಪ್ರತಿ ಸಲ ಸೋಲುತ್ತದೆ. ಪರಿಶಿಷ್ಟರಿಗೆ ಮೀಸಲಾದ ಹಣವನ್ನು ಈ ಎಣಿಕೆಯಿಂದ ಹೊರಗಿಟ್ಟು ಆ ಕೇರಿಯಲ್ಲೇ ಬೇರೆ ಸಭೆ ಮಾಡಬೇಕು.

ಇಲಾಖೆಗಳವರು ಗ್ರಾಮ ಸಭೆಗೆ ಬರುವುದಿಲ್ಲ ಎಂಬ ದೂರು ಎಲ್ಲ ಕಡೆ ಇದೆ; ಅದೇ ಸಿಟ್ಟಿಗೆ ಜನ ಸಭೆ ಬಹಿಷ್ಕರಿಸುವುದೂ ಇದೆ. ನೋಟಿಸಿನಲ್ಲಿ ‘ತಪ್ಪದೇ ಹಾಜರಾಗಲು ಕೋರಿದೆ’ ಎಂದು ಬರೆಯುವುದರಿಂದ ಏನೂ ಆಗದು. ವಾರ್ಡ್ ಸಭೆಗಳಲ್ಲಿ ಬಂದ ಪ್ರಶ್ನೆಗಳನ್ನು ಇಲಾಖಾವಾರು ಬಿಡಿಸಿ, ಇಲಾಖೆಗೊಂದು ಹಾಳೆಯಂತೆ ಹತ್ತು ದಿನ ಮೊದಲು ಕಳಿಸಿ, ಅದರದೊಂದು ನಕಲು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ). ವಿದ್ಯುತ್ ಪೂರೈಸುವ ಬೆಸ್ಕಾಂ ಅಥವಾ ಕೃಷಿ ಇಲಾಖೆಯವರು ಬಾರದಿದ್ದರೂ ಲಿಖಿತ ಉತ್ತರ ಬಂದರೆ ಅದನ್ನು ಓದಿ ಹೇಳಬಹುದು. ಬಂದರಂತೂ ಉತ್ತರ ಸಿದ್ಧವಿರುತ್ತದೆ, ಮೇಜಿನ ಮೇಲೆ ಕಣ್ಣು ನೆಟ್ಟು ‘ಪರಿಶೀಲಿಸುತ್ತೇವೆ’ ಎನ್ನಬೇಕಿಲ್ಲ.

ನಡಾವಳಿಗೆ, ಅಂದರೆ ಸಭೆಯಲ್ಲಿ ನಡೆದದ್ದರ ದಾಖಲೆಗೆ, ನಾವು ಐದು ಕಾಲಂ ಇಟ್ಟಿದ್ದೇವೆ: ಹೇಳಿದ್ದು ಏನು, ಎಲ್ಲಿಗೆ ಸಂಬಂಧ, ಯಾರು ಉತ್ತರ ಕೊಡಬೇಕು, ಯಾವ ದಿನದೊಳಗೆ, ಏನಾಯಿತು. ಕೊನೆಯದನ್ನು ಖಾಲಿ ಬಿಟ್ಟು ಸಭೆಯಲ್ಲೇ ಗಟ್ಟಿಯಾಗಿ ಓದಿ, ಆಮೇಲೆ ಸಹಿ. ಸಹಿ ಮೊದಲು ತೆಗೆದುಕೊಂಡು ನಡಾವಳಿ ಕಚೇರಿಯಲ್ಲಿ ಬರೆಯುವ ಹಳೇ ಚಾಳಿಯೇ ಜನರ ಅಪನಂಬಿಕೆಯ ಬೇರು. ‘ಸುದೀರ್ಘವಾಗಿ ಚರ್ಚಿಸಿ ತೀರ್ಮಾನಿಸಲಾಯಿತು’ ಎಂಬ ವಾಕ್ಯವನ್ನು ನಮ್ಮ ತರಬೇತಿಯಲ್ಲಿ ನಿಷೇಧಿಸಿದ್ದೇವೆ.

ಮೂವತ್ತು ದಿನದೊಳಗೆ, ಸಭೆಯಲ್ಲಿ ಹೇಳಿದ್ದು ಏನಾಯಿತೆಂಬ ಅನುಪಾಲನಾ ವರದಿ ಡೇರಿಯ ಗೋಡೆಗೆ, ಅಂಗನವಾಡಿಯ ಬಾಗಿಲಿಗೆ ಅಂಟಬೇಕು. ಉತ್ತರ ಮೂರೇ ಬಗೆ: ಆಗಿದೆ, ಇಂಥ ದಿನ ಆಗುತ್ತದೆ, ಆಗದು ಮತ್ತು ಏಕೆ. ಸಿಬ್ಬಂದಿಗೆ ಮೂರನೆಯದನ್ನು ಬರೆಯಲು ಭಯ. ಆದರೆ ‘ಈ ದಾರಿ ಖಾಸಗಿ ಸರ್ವೆ ನಂಬರಿನಲ್ಲಿದೆ, ಪಂಚಾಯಿತಿ ಕಾಂಕ್ರೀಟ್ ಹಾಕುವಂತಿಲ್ಲ’ ಎಂದು ಬರೆದಲ್ಲಿ ಜಗಳ ಒಂದೇ ದಿನದ್ದು. ಏನೂ ಬರೆಯದಲ್ಲಿ ಅದು ಪ್ರತಿ ಸಭೆಗೂ ಬರುತ್ತದೆ.

ಸಭೆ ಮುಗಿದ ಕೂಡಲೇ, ಚಹಾ ಆರುವ ಮೊದಲು, ಪಕ್ಕದ ಪಂಚಾಯಿತಿಯಿಂದ ನೋಡಲು ಬಂದ ಜೊತೆಗಾರ ಇಪ್ಪತ್ತು ನಿಮಿಷ ಮಾತಾಡುತ್ತಾನೆ. ಅವನು ಎಣಿಸಿಟ್ಟಿರುವುದು ಮೂರು ಅಂಕಿ: ಎಷ್ಟು ಜನ ಬಾಯಿಬಿಟ್ಟರು, ಅದರಲ್ಲಿ ಹೆಂಗಸರೆಷ್ಟು, ಸಿಬ್ಬಂದಿ ಒಟ್ಟು ಎಷ್ಟು ನಿಮಿಷ ಮಾತಾಡಿದರು. ಮೂರನೆಯ ಅಂಕಿ ಅರ್ಧ ಗಂಟೆ ದಾಟಿದ್ದರೆ ಮಿಕ್ಕ ಎರಡನ್ನು ಕೇಳುವ ಅಗತ್ಯವೇ ಬೀಳದು. ಈ ಅಂಕಿಗಳನ್ನು ಬರೆದ ಚೀಟಿಗಳು, ನಕ್ಷೆಯ ಪ್ರತಿ, ಐದು ಕಾಲಂ ನಡಾವಳಿ ಒಂದೇ ಕಡತದಲ್ಲಿ ಬಿಲ್ ಕಲೆಕ್ಟರ್ ಬಳಿ ಇರುತ್ತವೆ. ಹೊಸ ಪಿಡಿಒ ಬಂದ ವಾರದಲ್ಲಿ ಅಧಿಕಾರ ವಹಿಸಿಕೊಳ್ಳುವಾಗಿನ ಪ್ರಭಾರ ಪಟ್ಟಿಯ ಜೊತೆ ಆ ಕಡತಕ್ಕೂ ಸಹಿ ಹಾಕಿಸಿಕೊಳ್ಳುತ್ತೇವೆ, ‘ಏನಾಯಿತು’ ಕಾಲಂ ಖಾಲಿ ಇರುವ ಸಾಲುಗಳಿಗೆ ಕೆಂಪು ಗೆರೆ ಎಳೆದು.