ಹಳೆಯ ಸೆಸ್ನಾ 182, ಹಗುರ ಹೊರೆ, ಬೆಟ್ಟದ ಹಾರಾಟ: ನನ್ನ ಅನುಭವ

ಬೆಟ್ಟಸಾಲುಗಳ ಬಳಿ ಹಾರುವುದಕ್ಕೆಂದು ನಾನು ಟರ್ಬೊ (ತೆಳುಗಾಳಿಯಲ್ಲೂ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ, ಗಾಲಿ ಮಡಿಸಲು ಬಾರದ, ನಾಲ್ಕು ಸೀಟಿನ ಹಳೆಯ ಸಣ್ಣ ವಿಮಾನ ಸೆಸ್ನಾ 182 ಒಂದನ್ನು ಆರಿಸಿ, ಅದರ ಹಿಂಬದಿಯ ಸೀಟುಗಳನ್ನು ಕಳಚಿಟ್ಟು ಇಬ್ಬರೇ ಹಾರುತ್ತೇವೆ ಎಂದಾಗ, ನನಗಿಂತ ಹೆಚ್ಚು ಗಂಟೆ ಹಾರಿದ ಗೆಳೆಯರು ಮೂಗು ಮುರಿದರು. ನಾಲ್ಕು ಸೀಟಿಗೆ ಹಣ ಕೊಟ್ಟು ಎರಡರಲ್ಲಿ ಕೂರುವವನಿಗೆ ಲೆಕ್ಕ ಬಾರದು ಎಂದರು. ಟರ್ಬೊ ಕೊಳ್ಳು, ಇಲ್ಲವೇ ಬೆಟ್ಟದ ಆಸೆ ಬಿಡು ಎಂಬುದು ಅವರ ಒಮ್ಮತದ ತೀರ್ಪಾಗಿತ್ತು. ಅಂದಿನಿಂದ ಹಲವು ಬೇಸಿಗೆಗಳು ಕಳೆದಿವೆ. ಆಗ ನಕ್ಕವರಲ್ಲಿ ಇಬ್ಬರು ಈಚೆಗೆ ನನ್ನ ತೂಕದ ಹಾಳೆಯ (ಯಾವ ಹೊರೆ ಎಲ್ಲಿ, ಎಷ್ಟು ಎಂಬ ಲೆಕ್ಕದ) ನಕಲು ಕೇಳಿ ಪಡೆದಿದ್ದಾರೆ ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ದಾಖಲಿಸುತ್ತೇನೆ.

ಮೊದಲು ಹಣದ ಮಾತು. ಕೈಯಲ್ಲಿದ್ದ ಮೊತ್ತದ ಮೂರನೇ ಎರಡು ಭಾಗಕ್ಕಿಂತ ಹೆಚ್ಚನ್ನು ವಿಮಾನದ ಬೆಲೆಗೆ ಕೊಡಬಾರದು, ಉಳಿದದ್ದು ಎಂಜಿನ್ ನಿಧಿ ಎಂದು ಗೆರೆ ಎಳೆದುಕೊಂಡಿದ್ದೆ. ಈ ವರ್ಗದ ಹಳೆಯ ವಿಮಾನಗಳಲ್ಲಿ ಎಂಜಿನ್ನಿನ ಒಂದು ಪೂರ್ಣ ಓವರ್‌ಹಾಲ್ (ಬಿಚ್ಚಿ ಹೊಸದಾಗಿಸುವ ಕೆಲಸ) ವಿಮಾನದ ಬೆಲೆಯ ಮೂರನೇ ಒಂದು ಭಾಗವನ್ನು ನುಂಗಿಬಿಡುತ್ತದೆ ಎಂಬುದು ನಾನು ವಿಚಾರಿಸಿದಲ್ಲೆಲ್ಲ ಬಂದ ಅಂದಾಜು. ಟರ್ಬೊ ವಿಮಾನಗಳಿಗೆ ಕೇಳಿದ ಬೆಲೆ ಹೆಚ್ಚುಕಡಿಮೆ ಒಂದೂವರೆ ಪಟ್ಟಿತ್ತು. ಗಾಲಿ ಮಡಿಸುವ ಮಾದರಿಗಳಲ್ಲಿ ವಿಮೆಯೂ ವಾರ್ಷಿಕ ತಪಾಸಣೆಯೂ ಸೇರಿ ನನ್ನ ನಿಧಿಯನ್ನು ಎರಡು ವರ್ಷದೊಳಗೆ ಬರಿದು ಮಾಡುತ್ತಿದ್ದವು.

ಕೈತಪ್ಪಿದ ವ್ಯವಹಾರಗಳಿಂದಲೇ ನನಗೆ ಆಯ್ಕೆಯ ದಾರಿ ಸ್ಪಷ್ಟವಾಯಿತು. ಒಂದು ಸೆಸ್ನಾ 172 ಬಹಳ ಆಕರ್ಷಕವಾಗಿತ್ತು: ಲೈಕಮಿಂಗ್ ಕಂಪನಿಯ 180 ಅಶ್ವಶಕ್ತಿಯ ಎಂಜಿನ್ ಕೂಡಿಸಿದ್ದರು, ಡಿಜಿಟಲ್ ಪರದೆಗಳು ಹೊಳೆಯುತ್ತಿದ್ದವು, ಓವರ್‌ಹಾಲ್ ಆಗಿ ಆರುನೂರು ಗಂಟೆಯಷ್ಟೇ ಆಗಿತ್ತು. ಆದರೆ ಲಾಗ್‌ಬುಕ್‌ನಲ್ಲಿ ಕೆಲವು ವರ್ಷಗಳ ಹಾರಾಟ ಇಪ್ಪತ್ತು ಗಂಟೆಯನ್ನೂ ಮುಟ್ಟಿರಲಿಲ್ಲ. ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ (ಕವಾಟಗಳನ್ನು ತೆರೆಸುವ ದಂಡ) ಕ್ರ್ಯಾಂಕ್‌ಶಾಫ್ಟ್‌ನ (ಪ್ರೊಪೆಲ್ಲರ್ ತಿರುಗಿಸುವ ಮುಖ್ಯ ದಂಡದ) ಮೇಲ್ಗಡೆ ಕುಳಿತಿರುವುದರಿಂದ, ವಿಮಾನ ತಿಂಗಳುಗಟ್ಟಲೆ ನಿಂತರೆ ಎಣ್ಣೆಯೆಲ್ಲ ಕೆಳಗಿಳಿದು ಕ್ಯಾಮ್ ಒಣಗಿ ತುಕ್ಕು ಹಿಡಿಯುತ್ತದೆ. ಮೆಕ್ಯಾನಿಕ್ ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ವೈಸ್‌ನಲ್ಲಿ ಹಿಂಡಿ ಬಿಳಿ ಬಟ್ಟೆಯ ಮೇಲೆ ಬಿಡಿಸಿದಾಗ ಸೂಜಿಮೊನೆಯಷ್ಟಿನ ಚೂರುಗಳು ಮಿನುಗಿದವು. ಅಯಸ್ಕಾಂತ ಹಿಡಿದರೆ ಎದ್ದು ಅಂಟಿಕೊಂಡವು, ಎಂದರೆ ಒಳಗಿನ ಉಕ್ಕು ಸವೆಯುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದಕ್ಕೆ ಆ ಪರದೆಗಳಿಗಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಮುಂದೆ ನೋಡಿದ ವಿಮಾನದಲ್ಲಿ ಒಂದು ಸಿಲಿಂಡರಿನ ಕಂಪ್ರೆಷನ್ (ಒಳಗೆ ತುಂಬಿದ ಗಾಳಿಯ ಒತ್ತಡ ಎಷ್ಟು ಉಳಿಯುತ್ತದೆ ಎಂಬ ಅಂಕಿ) 80ಕ್ಕೆ 50ರ ಆಸುಪಾಸಿನಲ್ಲಿ ನಿಂತು, ಗಾಳಿ ಎಕ್ಸಾಸ್ಟ್ ಕೊಳವೆಯಲ್ಲಿ ಬುಸುಗುಡುತ್ತಿತ್ತು. ಎರಡೂ ಕಡೆ ತಪಾಸಣೆಯ ಹಣ ಹೋಯಿತು. ಹೋದದ್ದಕ್ಕೆ ನನಗೆ ಬೇಸರವಿಲ್ಲ.

ಕೊನೆಗೆ ಕೊಂಡ 182ರಲ್ಲಿ ಕಾಂಟಿನೆಂಟಲ್ ಓ-470 ಎಂಜಿನ್ ಇದೆ, 230 ಅಶ್ವಶಕ್ತಿಯದು. ಇದರ ಕ್ಯಾಮ್ ಕೆಳಗಡೆ, ಎಣ್ಣೆಯ ಬಳಿಯಲ್ಲೇ ಇರುವುದು ನನ್ನ ಆಯ್ಕೆಗೆ ಒಂದು ಕಾರಣ. ಬಣ್ಣ ಮಾಸಿತ್ತು, ಉಪಕರಣಗಳು ಹಳೆಯವು, ಆದ್ದರಿಂದ ಬೆಲೆಯೂ ಇಳಿದಿತ್ತು. ಗರಿಷ್ಠ ತೂಕ 2,950 ಪೌಂಡ್ ಇರುವ ಈ ವಿಮಾನವನ್ನು ಬೆಟ್ಟದ ಕಡೆಗೆ ನಾನು 2,400ರ ಸುತ್ತಮುತ್ತ ಮಾತ್ರ ಹಾರಿಸುತ್ತೇನೆ. ಅಂದರೆ ಒಂದೊಂದು ಅಶ್ವಶಕ್ತಿ ಹೊರುವ ಭಾರ ಸುಮಾರು ಹದಿಮೂರು ಪೌಂಡಿನಿಂದ ಹತ್ತೂವರೆಗೆ ಇಳಿಯುತ್ತದೆ. ಟರ್ಬೊ ಕೊಡುವುದರಲ್ಲಿ ಒಂದು ಪಾಲನ್ನು ನಾನು ತೂಕದಿಂದ ಕಿತ್ತುಕೊಂಡೆ, ಅದೂ ಬಿಡಿಗಾಸಿಲ್ಲದೆ. ಆದರೆ ಮುಂದಿನ ಸೀಟುಗಳಲ್ಲಿ ಇಬ್ಬರೇ ಕುಳಿತರೆ 182 ಮೂಗುಭಾರವಾಗುತ್ತದೆ. ಹಾಗಾಗಿ ನೀರಿನ ಕ್ಯಾನು, ಉಪಕರಣದ ಚೀಲ, ತುರ್ತು ಸಾಮಾನುಗಳನ್ನೆಲ್ಲ ಹಿಂದಿನ ಬ್ಯಾಗೇಜ್ ಜಾಗದಲ್ಲಿ ಬಿಗಿದು ಕಟ್ಟುತ್ತೇನೆ. ಎಲ್ಲಿ, ಎಷ್ಟು ಎಂಬ ನನ್ನ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ, ಪ್ರತಿ ವಿಮಾನದ ತೂಕದ ಹಾಳೆ ಬೇರೆ. ತೂಕ ಇಳಿದಂತೆ ಮನೂವರಿಂಗ್ ಸ್ಪೀಡ್ (ಒರಟು ಗಾಳಿಯಲ್ಲಿ ವಿಮಾನದ ಮೈಗೆ ಪೆಟ್ಟಾಗದಂತೆ ಮೀರಬಾರದ ವೇಗ) ಕೂಡ ಇಳಿಯುತ್ತದೆ. ನನ್ನ ಹೊರೆಯಲ್ಲಿ ಅದು ಪುಸ್ತಕದ ಗರಿಷ್ಠ ತೂಕದ ಅಂಕಿಗಿಂತ ಹತ್ತನೇ ಒಂದು ಭಾಗ ಕಡಿಮೆ. ಕುಲುಕಾಟದ ಗಾಳಿಯಲ್ಲಿ ಇದನ್ನು ಮರೆಯುವಂತಿಲ್ಲ.

ಸಮುದ್ರಮಟ್ಟದಿಂದ 5,000 ಅಡಿ ಎತ್ತರದ ರನ್‌ವೇಯಲ್ಲಿ 30 ಡಿಗ್ರಿ ಸೆಕೆ ಇದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್ (ಬಿಸಿಗೆ ತೆಳುವಾದ ಗಾಳಿ ಎಷ್ಟು ಎತ್ತರದ ಗಾಳಿಗೆ ಸಮ ಎಂಬ ಅಂಕಿ) 8,000 ಅಡಿ ಮುಟ್ಟುತ್ತದೆ, ಎಂಜಿನ್ ಮುಕ್ಕಾಲು ಪಾಲು ಶಕ್ತಿಯನ್ನಷ್ಟೇ ಕೊಡುತ್ತದೆ. ಆದ್ದರಿಂದ ಬೆಳಕು ಹರಿದ ಕೂಡಲೇ ಹೊರಟು, ಹತ್ತು ಗಂಟೆಯೊಳಗೆ ಇಳಿದಿರುತ್ತೇನೆ. ಹೊರಡುವ ಮುನ್ನ ಪೂರ್ಣ ಥ್ರಾಟಲ್‌ನಲ್ಲಿ (ಎಂಜಿನ್ನಿನ ಪೂರ್ತಿ ಶಕ್ತಿಯಲ್ಲಿ) ಮಿಕ್ಸ್ಚರ್ (ಇಂಧನ-ಗಾಳಿಯ ಮಿಶ್ರಣ) ಹಿಡಿಕೆಯನ್ನು ಎಂಜಿನ್ ಒರಟಾಗುವವರೆಗೆ ಹಿಂದಕ್ಕೆಳೆದು, ಮತ್ತೆ ನಯವಾಗಿ ಓಡುವವರೆಗೂ, ಅಲ್ಲಿಂದ ಇನ್ನೂ ತುಸುವೂ ಮುಂದಕ್ಕೆ ಒತ್ತುತ್ತೇನೆ. ರನ್‌ವೇಯ ಅರ್ಧ ಮುಗಿಯುವಷ್ಟರಲ್ಲಿ ನೆಲ ಬಿಡುವ ವೇಗದ ಶೇಕಡಾ 70 ಬಂದಿರದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸುತ್ತೇನೆ.

ಬೆಟ್ಟಸಾಲಿನ ದಿಬ್ಬಗಳನ್ನು ದಾಟುವಾಗ ನನ್ನ ನಿಯಮಗಳು ಹಳೆಯವೇ: 45 ಡಿಗ್ರಿ ಓರೆಯಲ್ಲಿ ಸಮೀಪಿಸುವುದು, ದಿಬ್ಬದ ಮೇಲೆ ಕನಿಷ್ಠ 1,000 ಅಡಿ ಅಂತರ, ಗಾಳಿ 20 ನಾಟ್‌ಗೆ (ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ.) ಹತ್ತಿರವಾದರೆ 2,000, ಶಿಖರದ ಮಟ್ಟದಲ್ಲಿ 25 ದಾಟಿದರೆ ಅಂದು ಹಾರಾಟವಿಲ್ಲ. ದಿಬ್ಬದ ಆಚೆಯ ನೆಲ ಹೆಚ್ಚು ಹೆಚ್ಚಾಗಿ ಕಾಣತೊಡಗಿದರೆ ದಾರಿ ಸರಿ, ಕಡಿಮೆಯಾಗತೊಡಗಿದರೆ ತಿರುಗು, ವೇರಿಯೋಮೀಟರ್ (ಏರಿಳಿತದ ದರ ತೋರಿಸುವ ಮೀಟರು) ಏನೇ ಹೇಳಲಿ. 2007ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಿಯೆರಾ ನೆವಾಡ ಬೆಟ್ಟಸಾಲಿನಲ್ಲಿ ವಿಮಾನ ಅಪ್ಪಳಿಸಿ ತೀರಿಕೊಂಡ ದಾಖಲೆವೀರ ವೈಮಾನಿಕ ಸ್ಟೀವ್ ಫಾಸೆಟ್ ಹಾರಿಸುತ್ತಿದ್ದದ್ದು 180 ಅಶ್ವಶಕ್ತಿಯ ಸೂಪರ್ ಡೆಕಾಥ್ಲಾನ್ ಎಂಬ ಸಣ್ಣ ವಿಮಾನ. ವಿಮಾನದ ಏರುಶಕ್ತಿಯನ್ನು ಮೀರಿದ ಇಳಿಗಾಳಿಗೆ ಸಿಲುಕಿದ್ದೇ ಕಾರಣವೆಂದು ಅಮೆರಿಕದ ತನಿಖಾ ಮಂಡಳಿ ತೀರ್ಮಾನಿಸಿತು. ಅಷ್ಟು ಅನುಭವಿಗೇ ಹೀಗಾಯಿತೆಂದ ಮೇಲೆ, 10,000 ಅಡಿಯಲ್ಲಿ ನಿಮಿಷಕ್ಕೆ ಆರೇಳುನೂರು ಅಡಿ ಏರುವ ನನ್ನ ವಿಮಾನವು ಸಾವಿರದೈನೂರು ಅಡಿಯ ಇಳಿಗಾಳಿಯೊಡನೆ ವಾದ ಮಾಡಲಾರದು. ಅಂಥ ಕಡೆ ಮೂಗೆತ್ತಿ ಹಟ ಹಿಡಿಯದೆ, ತಗ್ಗುನೆಲದ ಕಡೆ ತಿರುಗಿ, ವೇಗ ಹೆಚ್ಚಿಸಿ ಆ ಗಾಳಿಯಿಂದ ಹೊರಬರುತ್ತೇನೆ.

ಕಣಿವೆಯಲ್ಲಿ ತಿರುಗಲು ಎಷ್ಟು ಜಾಗ ಬೇಕೆಂಬುದನ್ನು ಬಯಲಿನ ಮೇಲೆ ಜಿಪಿಎಸ್ ದಾಖಲಿಸಿಕೊಂಡು ಅಳೆದು ನೋಡಿದೆ. 10,000 ಅಡಿಯಲ್ಲಿ ಗಾಳಿ ತೆಳುವಾದ್ದರಿಂದ ಮೀಟರು 80 ನಾಟ್ ತೋರಿಸುವಾಗ ನಿಜವೇಗ 95ರ ಹತ್ತಿರ. ರೆಕ್ಕೆಯನ್ನು 30 ಡಿಗ್ರಿ ಓಲಿಸಿ ತಿರುಗಿದಾಗ ವೃತ್ತದ ವ್ಯಾಸ ಅರ್ಧ ಮೈಲಿ ದಾಟಿತು. 45 ಡಿಗ್ರಿಗೆ ಓಲಿಸಿದರೆ ವ್ಯಾಸ ಬಹಳ ಕುಗ್ಗುತ್ತದೆ, ಆದರೆ ಸ್ಟಾಲ್ ವೇಗ (ಅದಕ್ಕಿಂತ ಇಳಿದರೆ ರೆಕ್ಕೆ ಎತ್ತುಬಲ ಕಳೆದುಕೊಳ್ಳುವ ವೇಗ) ಶೇಕಡಾ 19ರಷ್ಟು ಏರುತ್ತದೆ. ಅದಕ್ಕಾಗಿಯೇ ಕಣಿವೆಯ ನಡುವೆ ಹಾರದೆ, ಗಾಳಿ ಬಡಿದು ಮೇಲೇರುವ ಪಕ್ಕಕ್ಕೆ ಒತ್ತಿಕೊಂಡಿರುತ್ತೇನೆ. ತಿರುಗುವಾಗ ಗಾಳಿಗೆದುರಾಗಿ ತಿರುಗಬಹುದು, ಅಗಲವೂ ಪೂರ್ತಿ ಸಿಗುತ್ತದೆ. ತಿರುವಿನಲ್ಲಿ ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನ ಇಳಿಸುವ ಹಲಗೆ) ಮತ್ತು ಥ್ರಾಟಲನ್ನು ಹೇಗೆ ಜೋಡಿಸುತ್ತೇನೆ ಎಂಬುದನ್ನು ನನ್ನ ಪಕ್ಕ ಕುಳಿತವರಿಗೆ ಮಾತ್ರ ತೋರಿಸುತ್ತೇನೆ.

ರೆಕ್ಕೆಗೆ ವೋರ್ಟೆಕ್ಸ್ ಜನರೇಟರ್‌ಗಳನ್ನು (ಗಾಳಿಯ ಹರಿವು ರೆಕ್ಕೆ ಬಿಟ್ಟು ಹೋಗದಂತೆ ತಡೆಯುವ ಪುಟ್ಟ ತಗಡುಗಳು) ಅಂಟಿಸಿದ್ದೂ ಉಂಟು. ಸ್ಟಾಲ್ ವೇಗ ಕೆಲವು ನಾಟ್ ಇಳಿಯಿತು, ಏರುವ ದರದಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಆ ಹಣಕ್ಕಿಂತ, ಕಾರ್ಬ್ಯುರೇಟರಿಗೆ (ಗಾಳಿಗೆ ಇಂಧನ ಬೆರೆಸುವ ಭಾಗ) ಹಾಕಿಸಿದ ಉಷ್ಣತಾ ಮೀಟರು ಹೆಚ್ಚು ಉಪಕಾರ ಮಾಡಿತು, ಏಕೆಂದರೆ ಈ ಎಂಜಿನ್ ಅಲ್ಲಿ ಮಂಜುಗಡ್ಡೆ ಕಟ್ಟುವುದರಲ್ಲಿ ಹೆಸರುವಾಸಿ. ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದಾಗ ಹತ್ತೂವರೆ ಸಾವಿರ ಅಡಿಯಲ್ಲಿ ರಕ್ತದ ಆಮ್ಲಜನಕದ ಅಂಕಿ ಶೇಕಡಾ 90ರ ಕೆಳಗಿಳಿಯುತ್ತಿತ್ತು. ಅಮೆರಿಕದ ನಿಯಮ 12,500 ಅಡಿಯ ಮೇಲೆ ಅರ್ಧ ಗಂಟೆ ಮೀರಿದರೆ ಆಮ್ಲಜನಕ ಬೇಕೆನ್ನುತ್ತದೆ. ನಾನು 10,000ದಲ್ಲೇ ಮೂಗಿಗೆ ನಳಿಕೆ ಹಾಕುತ್ತೇನೆ.

ವರ್ಷದ ಬಜೆಟ್ಟಿನಲ್ಲಿ, ಅರ್ಧದಾರಿಯಿಂದ ಹಿಂತಿರುಗಿದ ಹಾರಾಟಗಳಿಗೂ, ಗಾಳಿ ಇಳಿಯಲೆಂದು ಎಲ್ಲೋ ತಂಗಿದ ರಾತ್ರಿಗಳಿಗೂ ಬೇರೆಯೇ ಒಂದು ಪಾಲು ಎತ್ತಿಡುತ್ತೇನೆ. ಇಲ್ಲದಿದ್ದರೆ ದಿಬ್ಬದ ಮುಂದೆ ನಿರ್ಧಾರ ಮಾಡುವುದು ಜೇಬು. ಕಳೆದ ವರ್ಷ ಆ ಪಾಲು ಮುಕ್ಕಾಲರಷ್ಟು ಖರ್ಚಾಯಿತು, ಈ ವರ್ಷ ಅದನ್ನು ಇನ್ನಷ್ಟು ಹಿಗ್ಗಿಸಿದ್ದೇನೆ.