ಪಂಜಿನ ಕವಾಯತಿನ ರಾತ್ರಿ ಎರಡು ಟಿ.ವಿ.ಗಳ ಮುಂದೆ

ಮಂಡ್ಯದ ನೂರಡಿ ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿ ನಾನು ಟಿ.ವಿ. ರಿಪೇರಿ ಅಂಗಡಿ ಇಟ್ಟು 28 ವರ್ಷಗಳಾದವು. ಮೊದಲರ್ಧ ಕಾಲ ಪಿಕ್ಚರ್ ಟ್ಯೂಬಿನ ಡಬ್ಬಗಳೇ ಮೇಜಿನ ಮೇಲಿರುತ್ತಿದ್ದವು. ಈಗ ಬರುವುದೆಲ್ಲ ಚಪ್ಪಟೆ ಎಲ್‌ಇಡಿಗಳು. ಕೆರಗೋಡಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು, ಮಗ ಕೊಡಿಸಿದ 32 ಇಂಚಿನ ಹೊಸ ಟಿ.ವಿ.ಯ ಬಗ್ಗೆ ದೂರು ಹೊತ್ತು ಬಂದರು: “ಹಳೇ ಡಬ್ಬದಲ್ಲೇ ಮುಖಗಳು ನೆಟ್ಟಗೆ ಕಾಣ್ತಿದ್ವು ಕಣಪ್ಪಾ.” ವಯಸ್ಸಾದವರ ಹಳಹಳಿಕೆ ಎಂದು ತಳ್ಳಿಹಾಕಲು ಮನಸ್ಸಾಗಲಿಲ್ಲ. ಅವರ 21 ಇಂಚಿನ ಹಳೆಯ ಸೆಟ್ಟನ್ನೂ ಹೊಸದನ್ನೂ ಅಂಗಡಿಗೆ ತರಿಸಿ, ಒಂದೇ ಸೆಟ್ ಟಾಪ್ ಬಾಕ್ಸಿನ ಎ.ವಿ. (ಹಳದಿ ಪಿನ್ನಿನ) ಔಟ್‌ಪುಟ್ಟನ್ನು ಸ್ಪ್ಲಿಟರ್ ಮೂಲಕ ಎರಡಕ್ಕೂ ಕೊಟ್ಟು, ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನ ಪ್ರಸಾರವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ.

ಆ ಕಾರ್ಯಕ್ರಮವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಕತ್ತಲ ಮೈದಾನದಲ್ಲಿ ಉರಿಯುವ ಪಂಜುಗಳು ಓಡಾಡುವಾಗ ಪರದೆಯ ಕಪ್ಪು, ಬೆಳಕು, ಚಲನೆ ಮೂರೂ ಒಟ್ಟಿಗೆ ಪರೀಕ್ಷೆಗೆ ಸಿಗುತ್ತವೆ. ಅಂಗಡಿಯ ದೀಪ ಆರಿಸಿದ ಕೂಡಲೇ ಟ್ಯೂಬಿನ ಮೈದಾನ ಕಾಡಿಗೆಯಂತೆ ಕಪ್ಪಾಯಿತು. ಎಲ್‌ಇಡಿಯದು ಮಾತ್ರ ತಿಳಿನೀಲಿ ಬೂದಿಯ ಬಣ್ಣದಲ್ಲೇ ಉಳಿಯಿತು. ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಬಡಿದ ಜಾಗದ ಫಾಸ್ಫರ್ ಲೇಪ ಮಾತ್ರ ಹೊಳೆಯುತ್ತದೆ, ಉಳಿದದ್ದಕ್ಕೆ ಬೆಳಕೇ ಇರುವುದಿಲ್ಲ. ನಾವು ಎಲ್‌ಇಡಿ ಎನ್ನುವುದು ವಾಸ್ತವದಲ್ಲಿ ಎಲ್‌ಸಿಡಿಯೇ. ಹಿಂದಿನ ಎಲ್‌ಇಡಿ ಪಟ್ಟಿಗಳು ಸದಾ ಉರಿಯುತ್ತಿರುತ್ತವೆ, ಮುಂದಿನ ದ್ರವಸ್ಫಟಿಕದ ಪದರ ಆ ಬೆಳಕನ್ನು ತಡೆಯಲು ಯತ್ನಿಸುತ್ತದೆ, ಆದರೆ ಪೂರ್ತಿ ತಡೆಯಲಾರದು. ವಾಟ್‌ಮೀಟರ್ ಇದನ್ನೇ ಇನ್ನೊಂದು ರೀತಿಯಲ್ಲಿ ತೋರಿಸಿತು: ಟ್ಯೂಬಿನ ಬಳಕೆ ದೃಶ್ಯ ಬೆಳಗಿದಂತೆ ಏರಿ, ಕತ್ತಲಾದಂತೆ ಇಳಿಯುತ್ತ 70 ವಾಟಿನ ಆಸುಪಾಸಿನಲ್ಲಿ ಓಲಾಡಿತು, ಎಲ್‌ಇಡಿಯದು ಏನೇ ತೋರಿಸಿದರೂ 40ರ ಬಳಿ ಕದಲದೆ ನಿಂತಿತು. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಒಎಲ್‌ಇಡಿಯಲ್ಲಿ ಈ ಬೂದಿ ಕಪ್ಪಿನ ಕಾಟವಿಲ್ಲ, ಆದರೆ ನನ್ನ ಅಂಗಡಿಗೆ ಅಂಥವು ಬರುವುದು ಅಪರೂಪ.

ಪಂಜುಗಳು ವೇಗವಾಗಿ ತಿರುಗಿದಾಗ ಎಲ್‌ಇಡಿಯಲ್ಲಿ ಜ್ವಾಲೆಯ ಅಂಚು ಕಲಸಿದಂತಾಯಿತು. ಟ್ಯೂಬಿನ ಚುಕ್ಕೆ ಕ್ಷಣಮಾತ್ರ ಮಿನುಗಿ ಆರಿಹೋಗುತ್ತದೆ. ಎಲ್‌ಸಿಡಿಯ ಚಿತ್ರ ಮುಂದಿನದು ಬರುವ ತನಕ ಹಾಗೆಯೇ ನಿಂತಿರುತ್ತದೆ, ಅಷ್ಟರಲ್ಲಿ ನಮ್ಮ ಕಣ್ಣು ಮುಂದೆ ಸರಿದಿರುತ್ತದೆ. ಇಷ್ಟರ ಮಟ್ಟಿಗೆ ಮೇಷ್ಟ್ರ ಮಾತು ನಿಜ. ಆದರೆ ಮೈದಾನವಿಡೀ ಒಮ್ಮೆಗೇ ಬೆಳಗಿದಾಗ ಟ್ಯೂಬಿನ ಚಿತ್ರ ಅಂಚುಗಳಲ್ಲಿ ಉಬ್ಬಿ ಮತ್ತೆ ಕುಗ್ಗುತ್ತಿತ್ತು. ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್ ಆದ ಎಲ್‌ಓಟಿಯಿಂದ ಬರುವ 20,000 ವೋಲ್ಟಿಗೂ ಮಿಕ್ಕಿದ ಒತ್ತಡ ಹೊರೆ ಹೆಚ್ಚಿದಾಗ ತುಸು ಕುಸಿಯುವುದರಿಂದ ಹೀಗಾಗುತ್ತದೆ. ಮೂಲೆಗಳಲ್ಲಿ ಕೆಂಪು, ನೀಲಿ ಗೆರೆಗಳು ಒಂದರ ಮೇಲೊಂದು ಕೂರುತ್ತಲೂ ಇರಲಿಲ್ಲ. ವರ್ಷಗಟ್ಟಲೆ ಟ್ಯೂಬಿನ ಕತ್ತಿನ ಮೇಲಿನ ಯೋಕ್ ಎಂಬ ಸುರುಳಿಯನ್ನು ಅಲುಗಾಡಿಸಿ ಇದನ್ನು ಸರಿಪಡಿಸಿದ ನನಗೆ, ಎಲ್‌ಇಡಿಯ ನೇರ ಗೆರೆಗಳನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಮುಖಗಳ ಪ್ರಶ್ನೆ ಇದಕ್ಕಿಂತ ಬೇರೆ. ನಮ್ಮ ಹಳೆಯ ಪದ್ಧತಿಯ ಚಿತ್ರದಲ್ಲಿ 625 ಗೆರೆಗಳಿದ್ದು, ಕಣ್ಣಿಗೆ ಕಾಣುವವು 576; ಅವೂ ಸೆಕೆಂಡಿಗೆ 50 ಬಾರಿ ಅರ್ಧರ್ಧವಾಗಿ ಬರುತ್ತವೆ. ಟ್ಯೂಬ್ ಅವನ್ನು ಬಂದ ಹಾಗೆಯೇ ಎಳೆಯುತ್ತದೆ. ಮೇಷ್ಟ್ರ ಎಲ್‌ಇಡಿಯಲ್ಲಿ 768 ಸಾಲುಗಳ ಚುಕ್ಕೆಗಳು ಸ್ಥಿರವಾಗಿವೆ; ಅರ್ಧರ್ಧ ಚಿತ್ರಗಳನ್ನು ಹೊಲಿದು, 576ನ್ನು 768ಕ್ಕೆ ಹಿಗ್ಗಿಸುವ ಕೆಲಸ ಅದರ ಬೋರ್ಡಿನ ಮೇಲೆ ಬೀಳುತ್ತದೆ. ಅದಕ್ಕೆ ಹಳದಿ ಪಿನ್ನಿನ ತಂತಿಯಲ್ಲಿ ಬಣ್ಣವೂ ಬೆಳಕೂ ಬೆರೆತು ಬಂದ ಮಸುಕು ಸಂಕೇತ ಕೊಟ್ಟರೆ ಮಸುಕೂ ಹಿಗ್ಗುತ್ತದೆ. ಸಾಲದ್ದಕ್ಕೆ 4:3ರ (ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲಿನ) ಕಾರ್ಯಕ್ರಮವನ್ನು ಅದಕ್ಕಿಂತ ಅಗಲವಾದ ಪರದೆ ತುಂಬಾ ಎಳೆದಿದ್ದರಿಂದ ವಾರ್ತೆ ಓದುವವರೆಲ್ಲ ದಪ್ಪಗಾಗಿದ್ದರು. ಅಳತೆಯ ಮೋಸವನ್ನೂ ಇಲ್ಲೇ ಹೇಳಬೇಕು: 21 ಇಂಚಿನ ಟ್ಯೂಬಿನ ಚಿತ್ರದ ಎತ್ತರ ಸುಮಾರು 30 ಸೆಂ.ಮೀ., 24 ಇಂಚಿನ ಎಲ್‌ಇಡಿಯದೂ ಅಷ್ಟೇ. ಮೂರಿಂಚು ಹೆಚ್ಚು ಸಿಕ್ಕಿತೆಂದು ಕೊಂಡವರಿಗೆ ಸಿಗುವುದು ಅಗಲ ಮಾತ್ರ.

ಮರುದಿನ ಬಾಕ್ಸಿನಿಂದ ಹಳದಿ ಪಿನ್ನಿನ ತಂತಿಯ ಬದಲು ಎಚ್‌ಡಿಎಂಐ ಕೇಬಲ್ ಎಳೆದೆ, ಆಕಾರವನ್ನು 4:3ಕ್ಕೆ ತಂದೆ, ‘ವಿವಿಡ್’ ಮೋಡ್ ತೆಗೆದು ‘ಸ್ಟ್ಯಾಂಡರ್ಡ್’ ಮಾಡಿ, ಶಾರ್ಪ್‌ನೆಸ್ ಕೆಳಗಿಳಿಸಿ, ರಾತ್ರಿ ಹೊತ್ತಿಗೆಂದು ಬ್ಯಾಕ್‌ಲೈಟನ್ನು ಅರ್ಧಕ್ಕಿಟ್ಟೆ. ಮುಖಗಳು ಮೊದಲಿನಂತಾದವು.

ರಿಪೇರಿಯ ಮಟ್ಟಿಗೆ ನನ್ನ ಒಲವು ಇನ್ನೂ ಟ್ಯೂಬಿನ ಕಡೆಗೇ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಉಳಿದಿರುವ ವಿದ್ಯುತ್ತನ್ನು ಮೊದಲು ಅರ್ತ್ ಮಾಡಬೇಕು, ಅಷ್ಟು ಬಿಟ್ಟರೆ ಬಿಡಿಭಾಗ ಬದಲಿಸುತ್ತ ಅದನ್ನು 20 ವರ್ಷ ಓಡಿಸಬಹುದಿತ್ತು. ಎಲ್‌ಇಡಿಯಲ್ಲಿ ಶಬ್ದ ಬಂದು ಚಿತ್ರ ಬಾರದಿದ್ದರೆ ಟಾರ್ಚ್ ಬಿಟ್ಟು ಓರೆಯಾಗಿ ನೋಡುತ್ತೇನೆ. ಒಳಗೆ ಚಿತ್ರ ಮಂಕಾಗಿ ಕಂಡರೆ ಪಟ್ಟಿಯ ಯಾವುದೋ ದೀಪ ಹೋಗಿದೆಯೆಂದು ಅರ್ಥ, ಅದು ಸಣ್ಣ ಖರ್ಚು. ಪ್ಯಾನೆಲ್ ಒಡೆದರೆ ಮಾತ್ರ ಹೊಸದನ್ನೇ ಕೊಳ್ಳಿ ಎಂದುಬಿಡುತ್ತೇನೆ.

ಟಿ.ವಿ. ಕೂರಿಸಲು ಮೇಷ್ಟ್ರ ಮನೆಗೆ ಹೋದಾಗ ಇನ್ನೊಂದು ಕಾರಣ ಕಣ್ಣಿಗೆ ಬಿತ್ತು. ಮನೆಯವರೆಲ್ಲ ಚಾಪೆಯ ಮೇಲೆ ಕೂತು ನೋಡುವವರು, ಬ್ರಾಕೆಟ್ ಹೊಡೆದದ್ದು ಬಾಗಿಲ ಎತ್ತರಕ್ಕೆ. ಅಷ್ಟು ಕೆಳಗಿನಿಂದ ನೋಡಿದರೆ ಅಂಥ ಪ್ಯಾನೆಲ್‌ನ ಬಣ್ಣ ಬಿಳಿಚಿಕೊಳ್ಳುತ್ತದೆ. ಟ್ಯೂಬಿಗೆ ಈ ತೊಂದರೆಯೇ ಇರಲಿಲ್ಲ. ಬ್ರಾಕೆಟ್ಟನ್ನು ಎರಡಡಿ ಕೆಳಗಿಳಿಸಿ ಬಂದೆ. ಮೇಲಿನ ನಾಲ್ಕು ತೂತುಗಳ ಮೇಲೆ ಈಗ ಕ್ಯಾಲೆಂಡರ್ ತೂಗುತ್ತಿದೆ.