ಹಳೆಯ ಕಾರುಗಳ ಸಹಾಯಾರ್ಥ ಯಾತ್ರೆ: ಮೈಸೂರಿನಿಂದ ಮೇಲುಕೋಟೆಗೆ ಹೊರಡುವ ಮುನ್ನ

ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲಿಸ್ ಜೀಪಿನಂಥ ಇಪ್ಪತ್ತು ಹಳೆಯ ವಾಹನಗಳನ್ನು ಸೇರಿಸಿ, ಕೂಡಿದ ಹಣವನ್ನು ಹಳ್ಳಿಯ ಶಾಲೆಯೊಂದಕ್ಕೆ ತಲುಪಿಸಬೇಕೆಂದು ಹೊರಡುವ ಕ್ಲಬ್ಬಿನವರು ಎಲ್ಲಕ್ಕಿಂತ ಮೊದಲು ಗುರುತಿಸಬೇಕಾದದ್ದು ಬರುವ ಕಾರುಗಳಲ್ಲಿ ಅತ್ಯಂತ ಬಡಕಲಾದದ್ದು ಯಾವುದು ಎಂಬುದನ್ನು. ದೂರ, ವೇಗ, ಹೊರಡುವ ಹೊತ್ತು, ನಿಲ್ಲುವ ಜಾಗಗಳೆಲ್ಲ ಆ ಒಂದು ಕಾರಿನ ಶಕ್ತಿಗೆ ತಕ್ಕಂತೆ ತೀರ್ಮಾನವಾಗಬೇಕು.

ಈ ದೃಷ್ಟಿಯಿಂದ ಶ್ರೀರಂಗಪಟ್ಟಣ, ಪಾಂಡವಪುರಗಳ ಮೂಲಕ ಮೇಲುಕೋಟೆಗೆ ಹೋಗುವ ಸುಮಾರು 50 ಕಿ.ಮೀ. ದಾರಿ ಬಹಳ ಅನುಕೂಲವಾದದ್ದು. ಗದ್ದೆ, ಕಬ್ಬಿನ ತೋಟಗಳ ನಡುವೆ ಸಾಗಿ, ತೊಣ್ಣೂರು ಕೆರೆಯ ಬಳಿ ಅರ್ಧ ಗಂಟೆ ನಿಂತು ಎಂಜಿನ್ ತಣಿಸಿಕೊಂಡು, ಕೊನೆಗೆ ಬೆಟ್ಟದ ಚಿಕ್ಕ ಏರನ್ನು ಹತ್ತಿದರೆ ಪುಳಿಯೋಗರೆಯ ಹೊತ್ತಿಗೆ ತಲುಪಬಹುದು. ನಾಲೆಯ ಏರಿಯ ಮೇಲಿನ ಅಡ್ಡದಾರಿಗಳು ನೋಟಕ್ಕೆ ಎಷ್ಟೇ ಚೆನ್ನಾಗಿದ್ದರೂ ಅವನ್ನು ಬಿಟ್ಟುಬಿಡಬೇಕು. 2018ರಲ್ಲಿ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ತೀರಿಕೊಂಡದ್ದನ್ನು ಈ ಸೀಮೆಯವರು ಮರೆತಿಲ್ಲ, ಸ್ಟೀರಿಂಗ್ ಸಡಿಲವಾಗಿರುವ ಹಳೆಯ ಕಾರಿಗೆ ಅಲ್ಲಿ ಕೆಲಸವೂ ಇಲ್ಲ.

ಕಾಲ ಡಿಸೆಂಬರ್ ಅಥವಾ ಜನವರಿಯಾದರೆ ಗಾಳಿ ತಂಪಾಗಿದ್ದು ರೇಡಿಯೇಟರ್ ಕುದಿಯುವ ಭಯ ಕಡಿಮೆ. ಆದರೆ ಆಗಲೇ ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುವ ಕಾಲವೂ ಹೌದು. ರಾಗಿಯಿಂದ ಅಷ್ಟು ತೊಂದರೆಯಿಲ್ಲ. ಹುರುಳಿಯ ಬಳ್ಳಿ ಮಾತ್ರ ಕಾರಿನ ಅಡಿಯಲ್ಲಿ ತಿರುಗುವ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಹಿಂದಿನ ದಿನ ಒಬ್ಬರು ಬೈಕಿನಲ್ಲಿ ಇಡೀ ದಾರಿಯನ್ನು ನೋಡಿ ಬರಬೇಕು, ಪ್ರತಿ ಕಾರಿನಲ್ಲೂ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು, ಹುರುಳಿ ದಾಟಿದ ಮೇಲೆ ಒಮ್ಮೆ ಇಳಿದು ಬಗ್ಗಿ ನೋಡಬೇಕು.

ದಾಖಲೆಗಳ ವಿಷಯದಲ್ಲಿ ಉದಾಸೀನ ಕೂಡದು. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 50 ವರ್ಷ ಮೀರಿ, ಮೂಲ ರೂಪದಲ್ಲೇ ಉಳಿದಿರುವ ಕಾರಿಗೆ 2021ರ ಕೇಂದ್ರ ನಿಯಮದಂತೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ದೊರೆಯುತ್ತದೆ. ಅಂಥ ಕಾರನ್ನು ದಿನನಿತ್ಯ ಓಡಿಸುವಂತಿಲ್ಲವಾದರೂ ಪ್ರದರ್ಶನಕ್ಕೆ, ರ‍್ಯಾಲಿಗೆ ತರಬಹುದು. ದಾರಿಯ ಪೊಲೀಸ್ ಠಾಣೆಗಳಿಗೆ ಮುಂಚಿತವಾಗಿ ಪತ್ರ ಕೊಟ್ಟು, ಇದು ಪಂದ್ಯವಲ್ಲ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ.

ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಆದ್ದರಿಂದ ಹಳೆಯ ರಬ್ಬರ್ ಪೈಪುಗಳು, ಕಾರ್ಬೊರೇಟರಿನ ಗ್ಯಾಸ್ಕೆಟ್‌ಗಳು ಬೇಗ ಮೆತ್ತಗಾಗಿ ಸೋರುತ್ತವೆ. ಹೊರಡುವ ವಾರದಲ್ಲಿ ಇವನ್ನು ಬೆರಳಿನಿಂದ ಒತ್ತಿ ನೋಡಿ, ಅನುಮಾನವಿದ್ದರೆ ಬದಲಿಸಬೇಕು. ಕಾರು ಬಿಸಿಲಲ್ಲಿ ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾಗಿ ನಿಂತರೆ ಗಾಬರಿಯಾಗಬೇಕಿಲ್ಲ. ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿರುತ್ತದೆ. ಕಾರಿನೊಳಗಿನ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಹತ್ತು ನಿಮಿಷ ಬಾನೆಟ್ ತೆರೆದಿಟ್ಟರೆ ಸಾಕು. ನಾನೊಮ್ಮೆ ಜಕ್ಕನಹಳ್ಳಿಯ ಬಳಿ ಹೀಗೆ ನಿಂತಾಗ ಬೇರೆ ಬಟ್ಟೆ ಸಿಗದೆ, ಸಮಾರಂಭಕ್ಕೆಂದು ತಂದಿದ್ದ ಶಾಲನ್ನೇ ನೆನೆಸಿ ಸುತ್ತಿದ್ದೆ. ಇಳಿಜಾರಿನಲ್ಲಿ ಮಾತ್ರ ಬ್ರೇಕನ್ನೇ ನಂಬಬಾರದು, ಏಕೆಂದರೆ ಡ್ರಮ್ ಬ್ರೇಕು ಕಾದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು.

ಎಲ್ಲ ಕಾರುಗಳೂ ಒಂದೇ ಸಾಲಿನಲ್ಲಿ ಹೋದರೆ ಹಿಂದಿನ ಬಸ್ಸಿಗೆ ದಾರಿ ಸಿಗುವುದಿಲ್ಲ. ಐದೈದು ಕಾರುಗಳ ತಂಡಗಳನ್ನು ಐದು ನಿಮಿಷದ ಅಂತರದಲ್ಲಿ ಬಿಟ್ಟು, ಕೊನೆಯಲ್ಲಿ ಮೆಕ್ಯಾನಿಕ್, ಫ್ಯಾನ್ ಬೆಲ್ಟ್, ನೀರಿನ ಕ್ಯಾನುಗಳಿರುವ ವಾಹನವೊಂದು ಬರಲಿ.

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ತಿಂಡಿ, ಬ್ಯಾನರ್, ಟೋಪಿಗಳ ಖರ್ಚನ್ನು ಸದಸ್ಯರು ತಮ್ಮ ಕೈಯಿಂದಲೇ ಭರಿಸಿ, ದೇಣಿಗೆಯೆಂದು ಪಡೆದದ್ದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟಬಾರದು. ತೆರಿಗೆ ವಿನಾಯಿತಿಯಿರುವ ಸಂಸ್ಥೆಯ ಮೂಲಕ ಹಣ ಸಂಗ್ರಹಿಸುವುದಾದರೆ, 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿ ಸಿಗದೆಂದು ದಾನಿಗಳಿಗೆ ಮೊದಲೇ ತಿಳಿಸಿ. ಪಠ್ಯಪುಸ್ತಕ, ಸಮವಸ್ತ್ರಗಳನ್ನು ಸರ್ಕಾರಿ ಶಾಲೆಯ ಮಕ್ಕಳಿಗೆ ಸರ್ಕಾರವೇ ಕೊಡುತ್ತದೆ. ಆದುದರಿಂದ ಮುಖ್ಯ ಶಿಕ್ಷಕರನ್ನೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೂ ಒಂದು ತಿಂಗಳು ಮೊದಲೇ ಕಂಡು, ಬೇಕಿರುವುದು ಶೌಚಾಲಯದ ನೀರಿನ ತೊಟ್ಟಿಯೋ ಸೋರುವ ಚಾವಣಿಯ ದುರಸ್ತಿಯೋ ಎಂದು ಕೇಳಿ ತಿಳಿಯಬೇಕು.

ಶಾಲೆಯ ಅಂಗಳದಲ್ಲಿ ಭಾಷಣ ಹತ್ತು ನಿಮಿಷ ಮೀರದಿರಲಿ, ಮಕ್ಕಳಿಗೆ ಕಾರುಗಳ ಒಳಗೆ ಕೂರಲು ಬಿಡಿ. ಅವರು ಹಾರ್ನ್ ಒತ್ತದೆ ಇರುವುದಿಲ್ಲ, ಹಳೆಯ ಬ್ಯಾಟರಿ ಅದನ್ನು ತಾಳುವುದೂ ಇಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡಬಹುದಾದ ಕಾರನ್ನೇ ಇದಕ್ಕೆ ಆರಿಸಿ, ಹ್ಯಾಂಡಲ್ಲನ್ನು ಮನೆಯಲ್ಲಿ ಮರೆತು ಬರಬೇಡಿ.